ನೂರೆಂಟು ಇಂಗುಗುಂಡಿಗಳ ಕೆಳಗಿನ ಎಂಟು ಮನೆಗಳು

ನೆಲವನ್ನು ಹೊತ್ತು ನಿಂತ ತಾಯಿಗೂ ನೀರನ್ನು ಹೊತ್ತು ಬರುವ ಮೇಘಗಳಿಗೂ ಮೊದಲ ವಂದನೆ. ಅವಳು ಕ್ಷಮಿಸಲಿ, ಅವು ತಾಳಲಿ.

ಮೂಡುಬಿದಿರೆ,
ವಿಶ್ವಾವಸು ಸಂವತ್ಸರದ ಜ್ಯೇಷ್ಠ ಶುದ್ಧ ದಶಮಿ, ಗುರುವಾರ, ಮಧ್ಯಾಹ್ನ.

ಬೆಳ್ತಂಗಡಿ ಸೀಮೆಯ ಕಡಮಪಾದೆ ಗುಡ್ಡೆಯಲ್ಲಿ ವಾಸವಾಗಿರುವ ಮಾನ್ಯ ಮಿತ್ರರಾದ ಹಸೈನಾರ್ ಬ್ಯಾರಿಯವರಿಗೆ ನಿತ್ಯಾನಂದ ಶೆಟ್ಟಿಯು ಮಾಡುವ ನಮಸ್ಕಾರಗಳು. ತಮ್ಮ ಧರ್ಮಪತ್ನಿ ಸೈನಬ ಅವರಿಗೂ ನನ್ನ ನಮಸ್ಕಾರ. ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿರುವ ಮಗಳು ರಾಫಿಯಾಳಿಗೆ ಆಶೀರ್ವಾದ.

ಮಿತ್ರರೆ,

ಗಂಗೆಯು ಭೂಮಿಗಿಳಿದ ದಿನವೆಂದು ನಮ್ಮವರು ನಂಬುವ ದಶಮಿಯಿದು. ಇಳಿಯುವ ಆ ನೀರಿನ ವೇಗವನ್ನು ತನ್ನ ಜಟೆಯಲ್ಲಿ ತಾಳಿಕೊಳ್ಳುವವನೊಬ್ಬ ಇರದಿದ್ದರೆ ನೆಲವೇ ಸೀಳಿಹೋಗುತ್ತಿತ್ತೆಂದು ನಲವತ್ತು ವರ್ಷ ದೇವಸ್ಥಾನದ ಚಾವಡಿಯಲ್ಲಿ ಪುರಾಣ ಹೇಳಿದವನು ನಾನು. ಹೇಳುವಾಗ ಒಮ್ಮೆಯೂ ನನಗೆ ಭಯವಾದದ್ದಿಲ್ಲ. ಇಂದು ಮುಂಜಾನೆಯಿಂದ ಎಡೆಬಿಡದೆ ಸುರಿಯುತ್ತಿರುವ ಮಳೆಯನ್ನು ನೋಡುತ್ತ ಕುಳಿತಾಗ, ಆ ಕಥೆ ನನಗೆ ಕಥೆಯಾಗಿ ತೋರಲಿಲ್ಲ.

ಮನೆಬಿಟ್ಟು ಕೆಳಗಿಳಿಯಿರೆಂದು ಹೇಳುವುದಕ್ಕಾಗಿ ನಿಮ್ಮ ಗುಡ್ಡೆಯ ಬುಡದಲ್ಲಿರುವ ನಮ್ಮ ದೇವಸ್ಥಾನದ ಮ್ಯಾನೇಜರ್ ಲೋಕನಾಥನನ್ನು ಮೊನ್ನೆ ನಿಮ್ಮಲ್ಲಿಗೆ ಕಳುಹಿಸಿದ್ದೆ. ನೀವು ಕೊಟ್ಟ ಉತ್ತರವನ್ನು ಅವನು ಒಂದಕ್ಷರ ಬಿಡದೆ ನನಗೆ ಒಪ್ಪಿಸಿದ. "ಕಳೆದ ವರ್ಷ ಏನೂ ಆಗುವುದಿಲ್ಲ ಅಂತ ದೇವರ ಅಂಗಳದಲ್ಲಿ ನಿಂತು ಹೇಳಿದವರು ಮಾಷ್ಟ್ರೇ. ಈಗ ನಿಮ್ಮ ಬಾಯಲ್ಲಿ ಇಳಿಯಿರಿ ಅಂತ ಹೇಳಿ ಕಳಿಸಿದರೆ ನಾನು ಯಾವ ಮಾಷ್ಟ್ರನ್ನು ನಂಬುವುದು ಮಾರಾಯ್ರೆ? ಅವರು ಕಾಗದದಲ್ಲಿ ಬರೆದು ಸಹಿ ಹಾಕಲಿ. ಆಮೇಲೆ ನೋಡುವ." ನೀವು ಹೀಗೆ ಹೇಳಿದ್ದು ನ್ಯಾಯವೇ ಆಗಿದೆ. ಆದ್ದರಿಂದ ಬರೆಯುತ್ತಿದ್ದೇನೆ. ಮಿಕ್ಕದ್ದನ್ನು ಓದುವ ತಾಳ್ಮೆ ನಿಮಗೆ ಇರಲಿ ಇಲ್ಲದಿರಲಿ, ಇದೊಂದನ್ನು ಮೊದಲು ಓದಿಬಿಡಿ: ಕಳೆದ ವರ್ಷ ನಾನು ನಿಮಗೆ ಕೊಟ್ಟ ಮಾತು ತಪ್ಪು. ಅದನ್ನು ಹಿಂದಕ್ಕೆ ಪಡೆಯುತ್ತಿದ್ದೇನೆ. ನಿಮ್ಮ ಮನೆಯನ್ನೂ ನಿಮ್ಮನ್ನು ನೋಡಿ ನಿಂತಿರುವ ಇನ್ನೇಳು ಮನೆಗಳನ್ನೂ ನಾಳೆ ಬೆಳಿಗ್ಗೆಯೇ ತೆರವು ಮಾಡಬೇಕು.

ಏಕೆಂದು ಕೇಳುವ ಅಧಿಕಾರ ನಿಮಗಿದೆ. ಹೇಳುವ ಮುನ್ನ ನಮ್ಮ ಹಳೆಯ ನಡಿಗೆಗಳನ್ನು ನೆನೆಯದೆ ನನಗೆ ಬೇರೆ ದಾರಿಯಿಲ್ಲ. ನಾನು ಎಲ್ಲಿ ತಪ್ಪಿದೆನೆಂಬುದು ಆ ದಾರಿಯ ಮೇಲೆಯೇ ಇದೆ.

ವರ್ಷಾವಧಿ ಉತ್ಸವಕ್ಕೆ ಮುನ್ನ ನವಧಾನ್ಯವನ್ನು ಮೊಳಕೆಗೆ ಇಡುವ ಅಂಕುರಾರ್ಪಣೆಗಾಗಿ ಗುಡ್ಡೆಯ ಐದು ಎತ್ತರಗಳಿಂದ ಐದು ಹಿಡಿ ಮಣ್ಣು ತರುವ ಪದ್ಧತಿ ನಮ್ಮ ದೇವಸ್ಥಾನದ್ದು. ಮಣ್ಣು ಎತ್ತುವ ಕರ್ತವ್ಯ ಮೊಕ್ತೇಸರರಾದ ನಮ್ಮ ಮನೆತನಕ್ಕೆ. ದಾರಿ ತೋರಿಸಿ ಬುಟ್ಟಿ ಹೊರುವ ಗೌರವ ನಿಮ್ಮ ಮನೆತನಕ್ಕೆ. ನಿಮ್ಮ ಬಾಪ ತೀರಿಕೊಂಡ ವರ್ಷ ಬುಟ್ಟಿ ನಿಮ್ಮ ಹೆಗಲಿಗೆ ಬಂತು. ಅದೇ ವರ್ಷ ನಾನು ಮೂಡುಬಿದಿರೆಯಲ್ಲಿ ಕನ್ನಡ ಪಂಡಿತನ ಕೆಲಸಕ್ಕೆ ಸೇರಿದ್ದೆ. ಮೊದಲನೆಯ ಏರಿನಲ್ಲೇ ನಾನು ಏದುಸಿರು ಬಿಡುವುದನ್ನು ಕಂಡು, "ಮಾಷ್ಟ್ರೆ, ಪದ್ಯ ಹೇಳುವಾಗ ಉಸಿರು ಎಳೆಯುವುದಲ್ಲ, ಇಲ್ಲಿ ಎಳೆಯಿರಿ" ಎಂದು ನೀವು ನಕ್ಕಿರಿ. ಅಂದಿನಿಂದ ಮೊದಲ್ಗೊಂಡು ನಾವು ನಲವತ್ತಮೂರು ಸಲ ಆ ಗುಡ್ಡೆಯನ್ನು ಹತ್ತಿದ್ದೇವೆ.

ಪುಸ್ತಕದಲ್ಲಿ ನಾನು ಕಾಣದ ಒಂದು ವಿದ್ಯೆಯನ್ನು ನೀವು ನನಗೆ ಆ ದಾರಿಯಲ್ಲಿ ಕಲಿಸಿದಿರಿ. ಬುಡದಲ್ಲಿ ದೇವಸ್ಥಾನದ ಗದ್ದೆಯ ಮಣ್ಣು, ಹಿಂಡಿದರೆ ನೀರಿಳಿಯುವಂಥದು. ಅದರ ಮೇಲೆ ನಿಮ್ಮ ಮನೆಗಳಿರುವ ಎಂಟುನೂರು ಅಡಿಯ ಮಟ್ಟದಲ್ಲಿ ಕೆಂಪು ಮಣ್ಣು, ಹಲಸು, ಮಾವು, ಬಿದಿರು. ಸಾವಿರದೈನೂರು ಅಡಿಯಲ್ಲಿ ಕಾಡು ಕವಿಯುತ್ತದೆ. ಆಕಾಶ ಕಾಣದಷ್ಟು ಎತ್ತರದ ಧೂಪದ ಮರ, ರಾಂಪತ್ರೆ, ಕಾಲಿಗೆ ಮೆತ್ತಗೆ ತಾಗುವ ಎಲೆಗೊಬ್ಬರ, ಅದರಡಿಯಲ್ಲಿ ಆಳವಾದ ಮಣ್ಣು. ಇನ್ನೂ ಮೇಲೆ, ಮೂರು ಸಾವಿರ ಅಡಿಯ ಹತ್ತಿರ, ಮರಗಳು ಗಿಡ್ಡವಾಗುತ್ತವೆ, ಎಲೆಗಳು ಚಿಕ್ಕವಾಗುತ್ತವೆ, ಕೊಂಬೆಗಳಿಗೆಲ್ಲ ಹಾವಸೆ ಹಿಡಿದಿರುತ್ತದೆ; ಸಾವಿರ ಅಡಿ ಏರಿದಂತೆಲ್ಲ ಎರಡು ಡಿಗ್ರಿಯಷ್ಟು ತಂಪೇರುವುದರಿಂದ ಅಲ್ಲಿ ಬಿದ್ದ ಎಲೆ ಬೇಗ ಕೊಳೆಯುವುದಿಲ್ಲ, ಮಣ್ಣು ಕಾಡಿಗೆಯಂತೆ ಕಪ್ಪು. ನೆತ್ತಿಯಲ್ಲಿ ಗಾಳಿಯ ಹೊಡೆತಕ್ಕೆ ಮರವೇ ನಿಲ್ಲದು. ಗೇಣುದ್ದದ ಹುಲ್ಲು, ಬೆರಳುದ್ದದ ಮಣ್ಣು, ಕೆಳಗೆ ಬರೀ ಕಲ್ಲು.

ಹೀಗೆ ಒಂದೇ ಗುಡ್ಡೆಯಲ್ಲಿ ಐದು ದೇಶಗಳಿವೆ. ಪ್ರತಿಯೊಂದಕ್ಕೂ ಅದರದೇ ಮಳೆ, ಅದರದೇ ಬಿಸಿಲು, ಅದರದೇ ಮಣ್ಣು. ಮೂಡುಬಿದಿರೆಗೆ ಬೀಳುವ ಮಳೆಯ ಒಂದೂವರೆ ಪಾಲು ಮಳೆ ನಡುವಿನ ಕಾಡಿಗೆ ಬೀಳುತ್ತದೆಂಬುದನ್ನು ನೀವು ಅಳತೆಯಿಂದಲ್ಲ, ಕೊಡೆಯ ಬಟ್ಟೆ ಎಷ್ಟು ಬೇಗ ಹರಿಯುತ್ತದೆಂಬುದರಿಂದ ಹೇಳುತ್ತಿದ್ದಿರಿ. ಕೆಳಗಿನ ದೇಶದ ನಿಯಮವನ್ನು ಮೇಲಿನ ದೇಶದಲ್ಲಿ ನಡೆಸಬಾರದೆಂಬುದು ನಲವತ್ತು ವರ್ಷ ಕಣ್ಣೆದುರಿಗಿದ್ದ ಪಾಠ. ಅದನ್ನು ನಾನು ಓದಲಿಲ್ಲ.

ನಾಲ್ಕು ವರ್ಷಗಳ ಹಿಂದೆ ಏಪ್ರಿಲಿನಲ್ಲಿ ದೇವಸ್ಥಾನದ ಬಾವಿ ಬತ್ತಿತು. ಅಭಿಷೇಕಕ್ಕೆ ನೀರಿಲ್ಲದೆ ಕ್ಯಾನುಗಳಲ್ಲಿ ತರಿಸಿದೆವು. ಆ ಅವಮಾನದಲ್ಲಿ ನನಗೆ ಹೊಳೆದದ್ದು ಇಂಗುಗುಂಡಿ. ನಮ್ಮ ಮೂಡುಬಿದಿರೆಯ ಬಯಲಿನಲ್ಲಿ, ವೇಣೂರಿನ ಶಾಲೆಗಳ ಹಿತ್ತಿಲಲ್ಲಿ ಅವು ಬಾವಿಗಳನ್ನು ತುಂಬಿಸಿದ್ದನ್ನು ನಾನೇ ಕಂಡಿದ್ದೆ. ಮಳೆನೀರನ್ನು ಓಡಗೊಡದೆ ನಿಲ್ಲಿಸುವುದು ಪುಣ್ಯವೆಂದು ಒಂದು ವಾರ ಪ್ರವಚನ ಮಾಡಿದೆ. ಜನ ಕಣ್ಣೊರೆಸಿಕೊಂಡರು. ದೇವಿಗೆ ಪ್ರಿಯವಾದ ಸಂಖ್ಯೆಯೆಂದು ನೂರೆಂಟು ಗುಂಡಿಗಳ ಸೇವೆ ಘೋಷಿಸಿದೆ. ಬಂಟ್ವಾಳದಿಂದ ಎರಡು ಬಸ್ಸು, ವಿಟ್ಲದಿಂದ ಒಂದು ಬಸ್ಸು ತುಂಬ ಜನ ಹಾರೆ ಹಿಡಿದು ಬಂದರು. ಕಾಡಿನ ಅಂಚಿನಲ್ಲಿ, ನಿಮ್ಮ ಮನೆಗಳ ನೆತ್ತಿಯ ಮೇಲಿರುವ ಇಳಿಜಾರಿನಲ್ಲಿ, ಆಳುದ್ದ ತೋಡಿದರು. ಗುಂಡಿಗೊಂದು ಕಲ್ಲು, ಕಲ್ಲಿಗೊಂದು ಸೇವಾಕರ್ತರ ಹೆಸರು.

ಆಗ ತಡೆದವರು ನೀವೊಬ್ಬರೇ. ಬಂದವರಿಗೆಲ್ಲ ಚಾ ಕೊಡುತ್ತಿದ್ದ ಸೈನಬರ ಪಕ್ಕದಲ್ಲಿ ನಿಂತು ಹೇಳಿದಿರಿ: "ಮಾಷ್ಟ್ರೆ, ನಿಮ್ಮ ಮೂಡುಬಿದಿರೆ ಅಂದರೆ ಕೆಂಪುಕಲ್ಲಿನ ಜರಡಿ. ಎಷ್ಟು ಹೊಯ್ದರೂ ಕೆಳಗೆ ಹೋಗ್ತದೆ. ಇದು ಬರೆ, ಕಡಿದಾದ ಇಳಿಜಾರು. ಇದಕ್ಕೆ ಹೀಗೆ ನೀರು ಕುಡಿಸಿದರೆ ಹೊಟ್ಟೆ ಊದುವುದೇ." ನಾನೇನೆಂದೆ? "ಬ್ಯಾರಿಗಳೆ, ನೀವು ರಾಂಪತ್ರೆ ಹೆಕ್ಕಿ ಸಾಕು, ಪುಣ್ಯಕಾರ್ಯದ ಲೆಕ್ಕ ನನಗೆ ಬಿಡಿ." ಬಸ್ಸಿನವರೆಲ್ಲ ನಕ್ಕರು. ನನ್ನ ಮುಖ ಕೆಡದಿರಲೆಂದು ನೀವೂ ನಕ್ಕಿರಿ. ಇಷ್ಟು ವರ್ಷದ ಮೇಲೆ ನನ್ನನ್ನು ಇರಿಯುತ್ತಿರುವುದು ಉಳಿದವರ ನಗೆಯಲ್ಲ, ನಿಮ್ಮದು.

ಮರುವರ್ಷ ಬಾವಿ ತುಂಬಿತು. ಸಂಜೆ ತುಳುಕುತ್ತಿದ್ದ ಗುಂಡಿಗಳು ಬೆಳಿಗ್ಗೆ ಬರಿದಾಗಿರುತ್ತಿದ್ದವು. ಅದನ್ನು ನೋಡಲಿಕ್ಕೆಂದೇ ಜನ ಬಂದರು. ನಾನು ಹಿಗ್ಗಿದೆ. ನೀವು ಮತ್ತೆ ಆ ವಿಷಯ ಎತ್ತಲಿಲ್ಲ.

ಆಮೇಲೆ ಬಂತು ಕಳೆದ ವರ್ಷದ ಆಟಿ, ಜಡಿಮಳೆಯ ತಿಂಗಳು. ಮಳೆ ಏರಿದಾಗ ಅಧಿಕಾರಿಗಳು ಬಂದು ನಿಮ್ಮ ಎಂಟು ಮನೆಯವರು ಶಾಲೆಗೆ ಹೋಗಬೇಕೆಂದರು. ನೀವು ಏಳು ಮನೆಯ ಯಜಮಾನರನ್ನು ಕರೆದುಕೊಂಡು, ತೊಯ್ದ ಕೊಡೆಗಳೊಡನೆ ದೇವಸ್ಥಾನದ ಅಂಗಳಕ್ಕೆ ಬಂದು ಹೊರಗಿನಿಂದಲೇ ಕೇಳಿದಿರಿ: "ಮಾಷ್ಟ್ರೆ, ನೀವು ಏನು ಹೇಳ್ತೀರಿ?" ನಾನು ಪೂಜೆ ಮುಗಿಸಿ ಪ್ರಸಾದ ಹಿಡಿದು ಮೆಟ್ಟಿಲಿಳಿಯುತ್ತಿದ್ದೆ. ಗುಡ್ಡೆ ಹತ್ತಿ ನೋಡಲಿಲ್ಲ. ತಿಳಿದವರನ್ನು ಕೇಳಲಿಲ್ಲ. "ದೇವಿಯ ಸೇವೆಗೆಂದು ತೋಡಿದ ಗುಂಡಿಯಿಂದ ಕೇಡಾಗುವುದುಂಟೆ? ಏನೂ ಆಗುವುದಿಲ್ಲ, ನಾನು ಹೇಳುತ್ತೇನೆ" ಎಂದೆ. ನೀವು ಹಿಂದಿರುಗಿ ಅವರಿಗೆ ಹೇಳಿದ್ದು ಎರಡೇ ಮಾತು: "ಮಾಷ್ಟ್ರು ಹೇಳಿ ಆಯಿತು. ಹೋಗುವ." ಗುಂಡಿಯ ವಿಷಯದಲ್ಲಿ ನಿಮ್ಮ ಕಣ್ಣೇ ಬೇರೆ ಹೇಳುತ್ತಿದ್ದರೂ ನೀವು ನನ್ನ ಬಾಯನ್ನು ನಂಬಿದಿರಿ. ಆ ಮಳೆಗಾಲ ಹೇಗೋ ಕಳೆಯಿತು. ಅದು ಗುಡ್ಡೆಯ ಸೈರಣೆ. ಊರಿನವರು ಅದನ್ನು ನನ್ನ ಮಾತಿನ ಬಲವೆಂದರು. ನಾನು ಅಲ್ಲವೆನ್ನಲಿಲ್ಲ.

ಈ ಏಪ್ರಿಲಿನಲ್ಲಿ ಮಣ್ಣು ತರಲು ಹೋದಾಗ ನಿಮಗೆ ಮೊಣಕಾಲು ನೋವು. ಬುಟ್ಟಿಯನ್ನು ನನ್ನ ಮಗಳ ಮಗಳು ವಿಸ್ಮಿತಾ ಹೊತ್ತಳು. ಅವಳು ಮಣ್ಣಿನ ವಿಜ್ಞಾನವನ್ನೇ ಓದುತ್ತಿರುವವಳು. ಮೂರನೆಯ ಎತ್ತರದಲ್ಲಿ, ಗುಂಡಿಗಳ ನಡುವೆ, ನಾನು ಹಿಡಿಯೆತ್ತಿದ್ದು ಎಂದಿನ ಎಲೆಗೊಬ್ಬರದ ಮಣ್ಣಾಗಿರಲಿಲ್ಲ. ಬೂದು ಬಿಳಿ, ಬೆಣ್ಣೆಯಂತೆ ಜಾರುವಂಥದು. ಅವಳು ಅದನ್ನು ಬೆರಳಿನಲ್ಲಿ ತಿಕ್ಕಿ ನೋಡಿದಳು. ಆಮೇಲೆ ಒಂದು ಕಬ್ಬಿಣದ ಸರಳನ್ನು ಗುಂಡಿಯ ತಳಕ್ಕೆ ಊರಿದಳು. ಎರಡು ಕೈಯಿಂದ ಮೆಲ್ಲನೆ ಒತ್ತಿದ್ದಷ್ಟೇ, ಅದು ತಾನಾಗಿ ಇಳಿಯುತ್ತ ಹೋಯಿತು.

"ಅಜ್ಜ, ಕೆಳಗೆ ಶೇಡಿಮಣ್ಣು, ನೀರು ಕುಡಿದರೆ ಜಾರುವ ಬಿಳಿ ಜೇಡಿ. ಅದರ ಕೆಳಗೆ ನುಣುಪು ಬಂಡೆ. ಸಂಜೆ ತುಂಬಿದ ಗುಂಡಿ ಬೆಳಿಗ್ಗೆ ಖಾಲಿ ಆಯಿತು ಅಂತ ನೀವೆಲ್ಲ ಖುಷಿಪಟ್ಟಿರಲ್ಲ, ಆ ನೀರು ಎಲ್ಲಿಗೆ ಹೋಯಿತು ಅಂತ ಒಬ್ಬರಾದರೂ ಕೇಳಿದಿರಾ?"

"ಬಾವಿಗೆ" ಎಂದೆ.

"ಸ್ವಲ್ಪ ಬಾವಿಗೆ. ಉಳಿದದ್ದು ಇಲ್ಲೇ ಉಂಟು. ನಾವು ನಿಂತಿರುವುದು ಅದರ ಮೇಲೆ."

ಹಸೈನಾರರೆ, ಎಪ್ಪತ್ತೆಂಟು ವರ್ಷದಲ್ಲಿ ನೆಲದ ಮೇಲೆ ನಿಲ್ಲಲು ನನಗೆ ಹೆದರಿಕೆಯಾದದ್ದು ಅಂದು ಒಮ್ಮೆಯೇ.

ಗುಂಡಿಗಳ ಸಾಲಿಗಿಂತ ಮೇಲೆ, ತರಗೆಲೆ ಸರಿಸಿದಾಗ, ಬರೆಗೆ ಅಡ್ಡಲಾಗಿ ಒಂದು ಬಿರುಕು ಕಂಡಿತು. ಕಿರುಬೆರಳು ಇಳಿಯುವಷ್ಟು ಅಗಲ. ಉದ್ದವನ್ನು ಅಳೆಯಲು ಹೋಗಿ ಪೊದೆಗೆ ಹೆದರಿ ಹಿಂದಿರುಗಿದೆವು. ಅದರ ಎರಡು ಬದಿಗೆ ವಿಸ್ಮಿತಾ ಬಿದಿರಿನ ಗೂಟ ನೆಟ್ಟು ಬಂದಳು. ತಂದ ಐದು ಮಣ್ಣಿನಲ್ಲಿ ಬಿತ್ತಿದ ನವಧಾನ್ಯದಲ್ಲಿ ನಾಲ್ಕು ಪಾಲಿಕೆ ಕುಡಿಕೆಗಳು ಹಸುರಾದವು. ಮೂರನೆಯದು ಕೊಳೆತು ನಾರಿತು. ಬೀಜ ಹಳೆಯದಿರಬೇಕೆಂದು ಎಲ್ಲರೂ ಸಮಾಧಾನ ಮಾಡಿಕೊಂಡರು. ಐದಕ್ಕೂ ಒಂದೇ ಚೀಲದ ಬೀಜವೆಂಬುದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು.

ಆಡಳಿತ ಸಮಿತಿಯಲ್ಲಿ ಹೇಳಿದೆ. ಸೇವಾಕರ್ತರ ಮನಸ್ಸು ನೋಯುತ್ತದೆ, ಮಳೆಗಾಲ ಕಳೆಯಲಿ ಎಂದರು. ಮೇ ತಿಂಗಳಲ್ಲಿಯೇ ಗುಂಡಿ ಮುಚ್ಚಿಸುವ ಎಂದು ಆಳು ಗೊತ್ತುಮಾಡಿದೆ. ಈ ವರ್ಷ ಮಳೆ ಹತ್ತು ದಿನ ಮೊದಲೇ ಇಳಿಯಿತು. ಈಗ ಅಲ್ಲಿಗೆ ಒಬ್ಬ ಮನುಷ್ಯನನ್ನು ಹತ್ತಿಸುವುದೂ ಅಪಾಯವೆಂದು ವಿಸ್ಮಿತಾ ಖಂಡಿತವಾಗಿ ಹೇಳಿದ್ದಾಳೆ. ಮಾಡಬೇಕಾದದ್ದನ್ನು ಮಾಡುವ ಕಾಲ ಈ ವರ್ಷದ ಮಟ್ಟಿಗೆ ಮುಗಿಯಿತು. ಬಿಡಬೇಕಾದದ್ದನ್ನು ಬಿಡುವುದಷ್ಟೇ ಉಳಿದಿದೆ.

ಮೊನ್ನೆ ಲೋಕನಾಥ ನಿಮ್ಮಲ್ಲಿ ಕಂಡದ್ದನ್ನು ಹೇಳುವಾಗ ನನಗೆ ಕಿವಿ ಮುಚ್ಚಿಕೊಳ್ಳಬೇಕೆನಿಸಿತು. ನಿಮ್ಮ ಅಡುಗೆಮನೆಯ ಬಾಗಿಲು ಹಾಕಲು ಬರುವುದಿಲ್ಲವಂತೆ. "ಮಳೆಗೆ ಮರ ಉಬ್ಬಿದ್ದು, ಮತ್ತೇನಿಲ್ಲ" ಎಂದರಂತೆ ಸೈನಬ. ಅವರಿಗೆ ಹೇಳಿ, ಉಬ್ಬಿದ್ದು ಮರವಲ್ಲ, ಓರೆಯಾದದ್ದು ಮನೆ. ಹಿತ್ತಿಲ ಒರತೆ ಹಳೆಯ ಜಾಗ ಬಿಟ್ಟು ಹತ್ತು ಹೆಜ್ಜೆ ಆಚೆಗೆ ಕೆಂಪಗೆ ಒಡೆದಿದೆಯಂತೆ. ಹಲಸಿನ ಮರ ಕಣಿವೆಯ ಕಡೆಗೆ ವಾಲಿದೆಯಂತೆ. ರಾಫಿಯಾ ಅವನನ್ನು ಬದಿಗೆ ಕರೆದು, "ಅಣ್ಣ, ಹಗಲಿನಲ್ಲಿ ಮಲಗಿದರೆ ನೆಲದ ಅಡಿಯಲ್ಲಿ ಯಾರೋ ಕಡೆಯುವ ಕಲ್ಲು ಎಳೆದ ಹಾಗೆ ಕೇಳ್ತದೆ. ಬಾಪನ ಹತ್ತಿರ ಹೇಳಿದರೆ ಬಸುರಿ ಹೆಂಗಸಿನ ಭ್ರಮೆ ಅಂತಾರೆ" ಎಂದಳಂತೆ. ಮಿತ್ರರೆ, ಆ ಮಗು ಭ್ರಮೆಗೊಂಡಿಲ್ಲ. ಅವಳ ಕಿವಿಗೆ ಬೀಳುತ್ತಿರುವುದು ನಿಜ. ಹಿಂದಿರುಗುವಾಗ ಲೋಕನಾಥ ಧೈರ್ಯಮಾಡಿ ಗೂಟಗಳನ್ನು ನೋಡಿಬಂದ. ಏಪ್ರಿಲಿನ ಕಿರುಬೆರಳು ಈಗ ಅಂಗೈ ಇಳಿಯುವಷ್ಟಾಗಿದೆ.

ಈ ಪತ್ರ ಬರೆಯಬಾರದೆಂದೂ ಅವನೇ ಬೇಡಿಕೊಂಡ. "ಮಾಷ್ಟ್ರೆ, ಬಾಯಲ್ಲಿ ಎಷ್ಟು ಬೇಕಾದರೂ ಹೇಳಿ. ಬರೆದುಕೊಟ್ಟರೆ, ನಾಳೆ ಏನಾದರೂ ಆದರೆ ಮೊದಲು ಹಿಡಿಯುವುದು ನಿಮ್ಮ ಸಹಿಯನ್ನು." ಹಿಡಿಯಲಿ. ಪುಣ್ಯದ ಕಲ್ಲುಗಳಲ್ಲಿ ಮೊದಲನೆಯದರ ಮೇಲೆ ನನ್ನ ಹೆಸರು ಕೆತ್ತಿಸಿಕೊಂಡಾಗ ನಾನು ಬೇಡವೆಂದಿಲ್ಲ. ಈಗ ಈ ಕಾಗದದಲ್ಲಿಯೂ ಅದೇ ಹೆಸರು ಇರಲಿ. ನಾಳೆ ಜುಮಾ ನಮಾಜಿನ ಅನಂತರ ಇದನ್ನು ನಿಮ್ಮ ಮಸೀದಿಯಲ್ಲಿ ಓದಿಸಿ; ನಮ್ಮ ಚಾವಡಿಯಲ್ಲಿ ಇದರ ಪ್ರತಿಯನ್ನು ನಾನೇ ಓದುತ್ತೇನೆ. ಗುಂಡಿ ತೋಡಿಸಿದವನು ನಾನು, ತಡೆದವರು ಹಸೈನಾರ್, ತಪ್ಪು ಭರವಸೆ ಕೊಟ್ಟವನೂ ನಾನು ಎಂದು ಊರಿಗೆ ತಿಳಿದಿರಲಿ.

ದೇವರನ್ನು ನಂಬಿದವನು ಹೀಗೆ ಹೆದರಬಹುದೆ ಎಂದು ನೀವು ಕೇಳಬಹುದು. ನಾನು ಮೂರು ದಿನ ಅದನ್ನೇ ಯೋಚಿಸಿದೆ. ನನ್ನ ಭಕ್ತಿ ಶೇಡಿಮಣ್ಣಿನ ಗುಣವನ್ನು ಬದಲಿಸುವುದಿಲ್ಲ. ನೀರು ಎಲ್ಲಿ ನಿಲ್ಲಬೇಕು, ಎಲ್ಲಿ ಓಡಬೇಕು ಎಂದು ಆ ತಾಯಿಯೇ ಎತ್ತರಕ್ಕೊಂದು ಕಟ್ಟಳೆ ಮಾಡಿಟ್ಟಿದ್ದಳು. ನಾನು ಅವಳ ಹೆಸರು ಹೇಳಿ ಅವಳ ಕಟ್ಟಳೆ ಮುರಿದೆ. ಈಗ ಅವಳಲ್ಲಿ ಬೇಡಿಕೊಳ್ಳುತ್ತಿರುವುದು ಪವಾಡವನ್ನಲ್ಲ, ನಾಳೆ ಬೆಳಗಿನವರೆಗಿನ ಅವಧಿಯನ್ನು.

ನಾಡಿದ್ದು ಶನಿವಾರ ನಿಮ್ಮ ಬಕ್ರೀದ್. ಹಬ್ಬ ಕಳೆದು ಇಳಿಯುವ ಎಂದು ಸೈನಬ ಹೇಳುವರು, ನನಗೆ ಗೊತ್ತು. ಅದಕ್ಕೆಂದೇ ಬೆಳ್ತಂಗಡಿ ಪೇಟೆಯ ಹತ್ತಿರ ನಮ್ಮ ಕುಟುಂಬದ ಹಳೆಯ ಅಕ್ಕಿಮಿಲ್ಲನ್ನು ನಿನ್ನೆ ಗುಡಿಸಿ ತೊಳೆಸಿದ್ದೇನೆ. ಎಂಟು ಕುಟುಂಬಕ್ಕೆ ಬೇಕಾದಷ್ಟು ಜಾಗ ಉಂಟು, ನೀರು ಉಂಟು, ಆಸ್ಪತ್ರೆ ಹತ್ತಿರ. ಹಬ್ಬದ ಅಡುಗೆಯನ್ನು ನಿಮ್ಮ ಪದ್ಧತಿಯಂತೆ ಅಲ್ಲಿಯೇ ಮಾಡಿ. ಯಾರೂ ಒಂದು ಮಾತು ಆಡರು, ಆಡಿದರೆ ನನಗೆ ಹೇಳಿ. ಹಬ್ಬಕ್ಕೆ ತಂದ ಆಡನ್ನೂ ಕರೆತನ್ನಿ. ದನಗಳ ಹಗ್ಗ ಬಿಚ್ಚಿ ಕೆಳಗಿನ ದಾರಿಗೆ ಹೊಡೆಯಿರಿ. ಕಾಗದಪತ್ರ, ಔಷಧ, ರಾಫಿಯಾಳ ಆಸ್ಪತ್ರೆಯ ಫೈಲು ಇಷ್ಟು ಸಾಕು. ಪಾತ್ರೆ, ಕಪಾಟು, ಮೆಣಸಿನ ಗೋಣಿ ಇವುಗಳಿಗಾಗಿ ಹಿಂದಿರುಗಬೇಡಿ.

ಈ ಪತ್ರವನ್ನು ಲೋಕನಾಥ ಇಂದು ಸಂಜೆಯೊಳಗೆ ನಿಮ್ಮ ಕೈಗೆ ಕೊಡುವನು. ಮಣ್ಣು ಅಲ್ಲಿಯವರೆಗೆ ತಡೆದರೆ, ನಾಳೆ ಬೆಳಿಗ್ಗೆ ಬೆಳಕು ಹರಿದೊಡನೆ ಮೂರು ಜೀಪುಗಳು ನಿಮ್ಮ ಅಂಗಳದಲ್ಲಿ ಇರುತ್ತವೆ. ಇಂದೇ ಇಳಿಯಬಹುದಾದವರು ಇಂದೇ ಇಳಿಯಲಿ. ರಾಫಿಯಾಳನ್ನಂತೂ ಲೋಕನಾಥನ ಜೀಪಿನಲ್ಲಿಯೇ ಕಳುಹಿಸಿ, ಅವನಿಗೆ ಹೇಳಿದ್ದೇನೆ. ನಾಳೆಯ ಮೊದಲ ಜೀಪಿನಲ್ಲಿ ನಾನು ಬರುತ್ತೇನೆ. ಹೋಗಬೇಡಿರೆಂದು ಮನೆಯಲ್ಲಿ ಎಲ್ಲರೂ ಹೇಳಿದ್ದಾರೆ.

ಸಹಿ ನೋಡಿದ ಮೇಲೂ ನೀವು ಒಪ್ಪದಿದ್ದರೆ ನಾನು ವಾದಿಸುವುದಿಲ್ಲ. ವಾದದಲ್ಲಿ ನಿಮ್ಮನ್ನು ಸೋಲಿಸಿದ್ದರ ಫಲ ನಿಮ್ಮ ನೆತ್ತಿಯ ಮೇಲಿದೆ. ಜೀಪಿನಿಂದಿಳಿದು ನಿಮ್ಮ ಜಗಲಿಯಲ್ಲಿ, ನಿಮ್ಮ ಪಕ್ಕದಲ್ಲಿ ಕುಳಿತುಕೊಳ್ಳುತ್ತೇನೆ. ಸೈನಬ ಚಾ ಕೊಟ್ಟರೆ ಕುಡಿಯುತ್ತೇನೆ. ನೀವು ಏಳುವವರೆಗೆ ನಾನೂ ಏಳುವುದಿಲ್ಲ.

ಗುಂಡಿಗಳ ಕೆಳಗೆ ವಾಸವಾಗಿರುವ ಎಂಟು ಮನೆಯವರನ್ನೂ, ಒಳ್ಳೆಯದಾಗಲೆಂದೇ ಹಾರೆಯೆತ್ತಿದ ಬಂಟ್ವಾಳ ವಿಟ್ಲದ ಆ ಮುಗ್ಧ ಜನರನ್ನೂ, ಸತ್ಯ ಹೇಳಿದ ವಿಸ್ಮಿತಾಳನ್ನೂ, ಮಳೆಯಲ್ಲಿ ಈ ಕಾಗದ ಹೊತ್ತು ಹೊರಟ ಲೋಕನಾಥನನ್ನೂ ಕರುಣಾಳುವಾದ ಭಗವಂತನು ಕಾಪಾಡಲಿ. ರಾಫಿಯಾಳ ಮಡಿಲಿಗೆ ಬರಲಿರುವ ಕೂಸು ಗಟ್ಟಿ ನೆಲದ ಮೇಲೆ ಕಣ್ತೆರೆಯಲಿ, ನೂರು ಮಳೆಗಾಲ ಕಾಣಲಿ.

ನಿಮ್ಮ ಕ್ಷಮೆಗೆ ಕಾಯುವ,
ನಿತ್ಯಾನಂದ ಶೆಟ್ಟಿ
(ನನ್ನ ಕೈಯಾರೆ, ಪೂರ್ಣ ಎಚ್ಚರದಲ್ಲಿ ಹಾಕಿದ ಸಹಿ)

ಸರ್ವರಿಗೂ ಕ್ಷೇಮವಾಗಲಿ.